ಯಾರೂ ನೋಡದ ದಾಳ

ಮಕ್ಕಳೇ, ಪ್ರತಿ ವಾರ ನಿಮಗೆ ಅದು ಮಾಡಿ, ಇದು ಮಾಡಬೇಡಿ ಎಂದು ಬರೆಯುವ ಈ ಅಜ್ಜಿ, ಈ ವಾರ ತನ್ನದೇ ಒಂದು ತಪ್ಪು ಹೇಳಿಕೊಳ್ಳಬೇಕಾಗಿದೆ. ಹೋದ ಮಳೆಗಾಲದಲ್ಲಿ ನಾನು ಆಟದಲ್ಲಿ ಮೋಸ ಮಾಡಿದೆ. ಮೋಸ ಮಾಡಿದ್ದು 13 ವರ್ಷದ ನನ್ನ ಮೊಮ್ಮಗನಿಗೆ. ನನಗೆ ಆಗ 68. ಬುದ್ಧಿ ಬರುವ ವಯಸ್ಸು ಎಂದೋ ಆಗಿತ್ತು. ಆದರೂ ಮಾಡಿದೆ. ಹೇಗೆ ಮಾಡಿದೆ, ಆಮೇಲೆ ಏನಾಯಿತು ಎನ್ನುವುದೇ ಈ ವಾರದ ಕಥೆ.

ನಮ್ಮ ಮನೆ ಇರುವುದು ಸಾಗರದ ಹತ್ತಿರದ ಒಂದು ಹಳ್ಳಿಯಲ್ಲಿ. ಮಗಳ ಸಂಸಾರ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ. ಇಲ್ಲಿ ಬೆಳಗಿನ ಕಾಫಿ ಆಗುವಾಗ ಅಲ್ಲಿ ಹಿಂದಿನ ದಿನದ ರಾತ್ರಿ ಊಟದ ಹೊತ್ತು. ಭಾನುವಾರ ಭಾನುವಾರ ವಿಡಿಯೊ ಕರೆ ಬರುತ್ತದೆ. ಮೊಮ್ಮಗ ಚಿಕ್ಕವನಿದ್ದಾಗ ಫೋನು ಬಿಡುತ್ತಿರಲಿಲ್ಲ. ಹತ್ತು ದಾಟಿದ ಮೇಲೆ ಮಾತು ಕಡಿಮೆಯಾಯಿತು.

“ಊಟ ಆಯ್ತಾ ಪುಟ್ಟ?”

“ಆಯ್ತು ಅಮ್ಮಮ್ಮ.”

“ಶಾಲೆ ಹೇಗಿದೆ?”

“ಚೆನ್ನಾಗಿದೆ.”

ಅಷ್ಟೇ. ಆಮೇಲೆ ನಾನು ಅವನ ಮುಖ ನೋಡುವುದು, ಅವನು ಪಕ್ಕದಲ್ಲಿ ಇನ್ನೇನನ್ನೋ ನೋಡುವುದು. ನನ್ನ ಓರಗೆಯ ಅಜ್ಜ ಅಜ್ಜಿಯರೇ, ನಿಮ್ಮಲ್ಲಿ ಎಷ್ಟೋ ಜನರಿಗೆ ಈ ಎರಡು ನಿಮಿಷದ ಕರೆ ಗೊತ್ತಿರುತ್ತದೆ. ಸಿಟ್ಟೂ ಇಲ್ಲ, ಜಗಳವೂ ಇಲ್ಲ. ಮಾತಾಡುವುದಕ್ಕೆ ವಿಷಯ ಇಲ್ಲ, ಅಷ್ಟೆ.

ಹೋದ ವರ್ಷ ಅವರು ರಜೆಗೆ ಬಂದಿದ್ದಾಗ ಜಗಲಿಯ ಮೇಲೆ ಸೀಮೆಸುಣ್ಣದಲ್ಲಿ ಪಟ ಬರೆದು ಅವನಿಗೆ ಹುಲಿ-ಕುರಿ ಆಟ ಕಲಿಸಿದೆ. 3 ಹುಲಿಗೆ ಅಡಿಕೆ, 15 ಕುರಿಗೆ ಹುಣಸೆಬೀಜ. ಮೂರೇ ದಿನಕ್ಕೆ ನನ್ನನ್ನು ಸೋಲಿಸತೊಡಗಿದ. ನಾವು ಆಡುವಾಗ ಪಕ್ಕದ ಕುರ್ಚಿಯಲ್ಲಿ ಅವನ ಅಜ್ಜ ಪೇಪರ್ ಹಿಡಿದು ಕೂತಿರುತ್ತಿದ್ದರು. ನಮ್ಮ ಮನೆಯವರಿಗೆ ಪೇಪರ್ ಬಂದರೆ ಮೊದಲ ಪುಟ ಬೇಡ. ಒಳಗೆ ಜಲಾಶಯಗಳ ನೀರಿನ ಮಟ್ಟದ ಪಟ್ಟಿ ಇರುತ್ತದಲ್ಲ, ಮೊದಲು ಅದನ್ನು ಗಟ್ಟಿಯಾಗಿ ಓದಬೇಕು. ಲಿಂಗನಮಕ್ಕಿ ಇಷ್ಟು, ಭದ್ರಾ ಇಷ್ಟು, ತುಂಗಭದ್ರಾ ಇಷ್ಟು. ಕೇಳುವವರು ಇರಲಿ ಬಿಡಲಿ. ಮೊಮ್ಮಗನಿಗೆ ಅದು ದೊಡ್ಡ ತಮಾಷೆ. ಈ ಪಟ್ಟಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಊರಿಗೆ ವಾಪಸಾದ ಮೇಲೆ ಒಂದು ದಿನ ಅವನೇ ಕೇಳಿದ: “ಅಮ್ಮಮ್ಮ, ಇಮೇಲ್‌ನಲ್ಲಿ ಒಂದು ಆಟ ಆಡೋಣವಾ? ಸ್ವಲ್ಪ ದೊಡ್ಡದು. ಹುಲಿ-ಕುರಿ ತರಹವೇ, ಇಬ್ಬರ ಬಲ ಬೇರೆ ಬೇರೆ.”

ಅವನು ಹೇಳಿದ್ದು ಯುದ್ಧದ ಆಟ. ಫೋನಿನಲ್ಲಿ ಢಂ ಢಂ ಎಂದು ಗುಂಡು ಹಾರಿಸುವುದಿದೆಯಲ್ಲ, ಅದಲ್ಲ. ಮಣೆಯ ಮೇಲೆ ಕೂತು ಯೋಚಿಸಿ ಆಡುವ ಆಟ. ಮೊದಲು ನನಗೆ ಇಷ್ಟವಾಗಲಿಲ್ಲ. “ಯುದ್ಧ ಆಟವಾ ಮಗ?” ಎಂದೆ. ಅವನು ಒಂದು ವಿಷಯ ಹೇಳಿದ. ಇಂಗ್ಲೆಂಡಿನ ಲೇಖಕ ಎಚ್. ಜಿ. ವೆಲ್ಸ್ 1913ರಲ್ಲಿ ಆಟಿಕೆ ಸಿಪಾಯಿಗಳ ಯುದ್ಧದ ಬಗ್ಗೆ ‘ಲಿಟಲ್ ವಾರ್ಸ್’ ಎಂಬ ಪುಸ್ತಕ ಬರೆದರಂತೆ. ನೆಲದ ಮೇಲೆ ಈ ಆಟವನ್ನು ಮೂರು ನಾಲ್ಕು ಸಲ ಆಡಿದವರಿಗೆ ನಿಜವಾದ ಯುದ್ಧ ಎಂಥ ಎಡವಟ್ಟಿನ ಕೆಲಸ ಎಂದು ಅರ್ಥವಾಗುತ್ತದೆ ಎಂಬುದು ಆ ಪುಸ್ತಕದ ಕೊನೆಯ ಮಾತು. ಮರುವರ್ಷವೇ, 1914ರಲ್ಲಿ, ಮೊದಲ ಮಹಾಯುದ್ಧ ಶುರುವಾಯಿತು. ದೊಡ್ಡವರು ಪುಸ್ತಕ ಓದಲಿಲ್ಲ ಅಂತ ಕಾಣುತ್ತದೆ ಎಂದ ನನ್ನ ಮೊಮ್ಮಗ. ನಾನು ಒಪ್ಪಿಕೊಂಡೆ.

ಮಗಳು ಬಿಟ್ಟುಹೋಗಿದ್ದ ಹಳೇ ಲ್ಯಾಪ್‌ಟಾಪ್ ಬೀರುವಿನಲ್ಲಿತ್ತು. ಒರೆಸಿ, ಚಾರ್ಜಿಗೆ ಹಾಕಿ, ಅವನು ವಿಡಿಯೊದಲ್ಲಿ ಹೇಳಿದ ಹಾಗೆ ಒಂದೊಂದೇ ಗುಂಡಿ ಒತ್ತಿ ‘ವ್ಯಾಸಲ್’ ಎಂಬ ಸಾಫ್ಟ್‌ವೇರ್ ಇಳಿಸಿಕೊಂಡೆ. ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ. ರಾಡ್ನಿ ಕಿನ್ನಿ ಎಂಬವರು 1990ರ ದಶಕದ ಕೊನೆಯಲ್ಲಿ ಒಂದೇ ಒಂದು ಆಟಕ್ಕಾಗಿ ಇದನ್ನು ಶುರುಮಾಡಿದರು. ಆಮೇಲೆ ಬೇರೆ ಆಟಗಳಿಗೂ ಒಗ್ಗುವಂತೆ ಬೆಳೆಸಿದರು. ಈಗ ಆಸಕ್ತರು ತಮ್ಮ ಬಿಡುವಿನಲ್ಲಿ ಅದನ್ನು ನೋಡಿಕೊಳ್ಳುತ್ತಾರೆ, ಒಂದೊಂದು ಆಟದ ಮಣೆಯನ್ನೂ ಬಿಲ್ಲೆಗಳನ್ನೂ ಬರೆದು ಸೇರಿಸುತ್ತಾರೆ.

ನಾವು ಆರಿಸಿಕೊಂಡ ಆಟದ ಹೆಸರು ‘ಬ್ಯಾಟಲ್ ಫಾರ್ ಮಾಸ್ಕೋ’. ಅಮೆರಿಕದ ಫ್ರಾಂಕ್ ಚಾಡ್ವಿಕ್ ಅದನ್ನು 1986ರಲ್ಲಿ ಹೊಸಬರು ಕಲಿಯಲಿ ಎಂದೇ ರೂಪಿಸಿದ್ದು. 1941ರ ಅಕ್ಟೋಬರ್‌ನಲ್ಲಿ ಹಿಟ್ಲರನ ಜರ್ಮನ್ ಸೇನೆ ರಷ್ಯಾದ ಮಾಸ್ಕೋ ಕಡೆ ನುಗ್ಗಿತಲ್ಲ, ಆ ಕಥೆ. ಪರದೆಯ ಮೇಲೆ ಒಂದು ನಕ್ಷೆ. ಅದರ ತುಂಬ ಜೇನುಹಟ್ಟಿಯ ಹಾಗೆ ಆರು ಮೂಲೆಯ ಮನೆಗಳು. ಕಾಡು, ನದಿ, ರೈಲು ಹಳಿ, ಪಟ್ಟಣ ಎಲ್ಲ ಇವೆ. ಸುಮಾರು 40 ಚೌಕದ ಬಿಲ್ಲೆಗಳು. ಒಂದೊಂದು ಬಿಲ್ಲೆ ಒಂದೊಂದು ದೊಡ್ಡ ಪಡೆ. ಬಿಲ್ಲೆಯ ಮೇಲೆ ಎರಡು ಅಂಕೆ. ಒಂದು ಅದರ ಬಲ, ಇನ್ನೊಂದು ಅದು ಎಷ್ಟು ಮನೆ ನಡೆಯಬಹುದು ಎಂಬುದು. ಏಟು ತಿಂದ ಪಡೆಯ ಬಿಲ್ಲೆಯನ್ನು ಮಗುಚಿ ಹಾಕಬೇಕು. ಆಗ ಬಲ ಕಡಿಮೆ. ಒಟ್ಟು 7 ಸರದಿ. ಏಳು ಮುಗಿಯುವಾಗ ಮಾಸ್ಕೋ ಯಾರ ಕೈಯಲ್ಲಿ ಎನ್ನುವುದೇ ಪಂದ್ಯ.

ಹೊಡೆದಾಟಕ್ಕೆ ಲೆಕ್ಕ ಬೇಕು. ಏಟು ಹಾಕುವವರ ಬಲ ಎಷ್ಟು, ತಡೆಯುವವರ ಬಲ ಎಷ್ಟು ಎಂದು ಭಾಗಿಸಬೇಕು. 6ಕ್ಕೆ 3 ಇದ್ದರೆ 2ಕ್ಕೆ 1. 8ಕ್ಕೆ 3 ಇದ್ದರೂ 2ಕ್ಕೆ 1ರಷ್ಟೇ ಲೆಕ್ಕ, ಉಳಿದ ಶೇಷ ಹೋಯಿತು. ಆಮೇಲೆ ಒಂದು ದಾಳ ಹಾಕಿ ಒಂದು ಕೋಷ್ಟಕ ನೋಡಬೇಕು. ಕೆಲವೊಮ್ಮೆ ಎದುರಿನವರು ಹಿಂದೆ ಸರಿಯುತ್ತಾರೆ, ಕೆಲವೊಮ್ಮೆ ಏಟು ಹಾಕಿದವರಿಗೇ ಏಟು ಬೀಳುತ್ತದೆ. ಅನುಪಾತ ಯಾಕೆ ಕಲಿಯಬೇಕು ಎಂದು ಕೇಳುವ ಆರನೇ ಕ್ಲಾಸಿನ ಮಕ್ಕಳೇ, ಇದಕ್ಕೆ!

ಇಂಥ ಆಟಗಳು ಹೊಸವೇನಲ್ಲ. 1824ರಲ್ಲಿ ಪ್ರಷ್ಯಾ ದೇಶದ ರೈಸ್ವಿಟ್ಸ್ ಎಂಬ ಸೇನಾಧಿಕಾರಿ ತನ್ನ ತಂದೆ ಶುರುಮಾಡಿದ್ದ ಯುದ್ಧದಾಟವನ್ನು ತಿದ್ದಿ, ನಕ್ಷೆ, ಬಿಲ್ಲೆ, ದಾಳಗಳ ಜೊತೆ ಅದರ ನಿಯಮಗಳನ್ನು ಅಚ್ಚು ಹಾಕಿಸಿದ. ಅಲ್ಲಿನ ಸೇನೆ ತನ್ನ ಅಧಿಕಾರಿಗಳಿಗೆ ಪಾಠ ಹೇಳಲು ಅದನ್ನು ಬಳಸಿತು. ವಿಚಿತ್ರ ನೋಡಿ, ಅದೇ 1824ರಲ್ಲಿ ಲಂಡನ್ ಮತ್ತು ಎಡಿನ್‌ಬರೊ ನಗರಗಳ ಚದುರಂಗ ಕ್ಲಬ್ಬುಗಳು ಅಂಚೆಯಲ್ಲೇ ಪಂದ್ಯ ಶುರುಮಾಡಿದವು. ರೈಲು ಇಲ್ಲದ ಕಾಲ. ಒಂದು ನಡೆ ಬರೆದು ಕುದುರೆಗಾಡಿಯ ಅಂಚೆಗೆ ಹಾಕುವುದು, ಉತ್ತರಕ್ಕೆ ಕಾಯುವುದು. 5 ಆಟ ಮುಗಿಯಲು 1828 ಬಂತು. ಎಡಿನ್‌ಬರೊ 2 ಗೆದ್ದಿತು, ಲಂಡನ್ 1, ಇನ್ನೆರಡು ಸಮ. ಇವತ್ತಿಗೂ ಚದುರಂಗದಲ್ಲಿ ‘ಸ್ಕಾಚ್’ ಎಂಬ ಆರಂಭ ಇದೆ. ಆ ಹೆಸರು ಬಂದದ್ದು ಈ ಪತ್ರದ ಪಂದ್ಯದಿಂದಲೇ.

ನಮ್ಮದೂ ಅದೇ ಪದ್ಧತಿ. ಮೊಮ್ಮಗ ತನ್ನ ಸರದಿ ಆಡುವಾಗ ವ್ಯಾಸಲ್ ಅದನ್ನೆಲ್ಲ ಒಂದು ಫೈಲಿನಲ್ಲಿ ದಾಖಲು ಮಾಡಿಕೊಳ್ಳುತ್ತದೆ. ಯಾವ ಬಿಲ್ಲೆ ಎಲ್ಲಿಂದ ಎಲ್ಲಿಗೆ ಹೋಯಿತು, ದಾಳ ಎಷ್ಟು ಬಿತ್ತು, ಎಲ್ಲವೂ. ಆ ಫೈಲನ್ನು ಅವನು ನನಗೆ ಇಮೇಲ್ ಮಾಡುತ್ತಾನೆ. ನಾನು ತೆರೆದು ಒಂದು ಗುಂಡಿ ಒತ್ತುತ್ತ ಹೋದರೆ ಅವನ ಆಟ ಒಂದೊಂದೇ ಹೆಜ್ಜೆಯಾಗಿ ನನ್ನ ಕಣ್ಣೆದುರು ನಡೆಯುತ್ತದೆ. ಅವನು ನಿನ್ನೆ ಕೂತು ಯೋಚಿಸಿದ್ದನ್ನು ನಾನು ಇವತ್ತು ನೋಡುತ್ತೇನೆ. ಆಮೇಲೆ ನನ್ನ ಸರದಿ ಆಡಿ, ನನ್ನ ಫೈಲು ಕಳಿಸುತ್ತೇನೆ. ಒಂದು ಫೋಟೊಗಿಂತ ಚಿಕ್ಕ ಫೈಲು ಅದು. ಮಳೆಗಾಲದಲ್ಲಿ ನಮ್ಮೂರಲ್ಲಿ ಕರೆಂಟು ಹೋದರೆ ಬರುವುದು ಅದರ ಇಷ್ಟ. ನೆಟ್‌ವರ್ಕೂ ಹಾಗೇ. ಇಬ್ಬರೂ ಒಟ್ಟಿಗೆ ಕೂತು ಆಡುವ ಆಟವಾಗಿದ್ದರೆ ನಮ್ಮದು ಆಗುತ್ತಲೇ ಇರಲಿಲ್ಲ. ಇದಕ್ಕೆ ದಿನದಲ್ಲಿ ಒಂದು ನಿಮಿಷ ನೆಟ್‌ವರ್ಕ್ ಸಿಕ್ಕಿದರೆ ಸಾಕು.

ಒಂದು ಮುಖ್ಯ ವಿಷಯ ಅವನು ಮೊದಲ ದಿನವೇ ಹೇಳಿದ್ದ. “ಅಮ್ಮಮ್ಮ, ವ್ಯಾಸಲ್‌ಗೆ ಆಟದ ನಿಯಮ ಗೊತ್ತಿಲ್ಲ. ಅದು ಬರೀ ಮಣೆ. ನೀನು ಬಿಲ್ಲೆ ಎತ್ತಿ ಎಲ್ಲಿ ಬೇಕಾದರೂ ಇಡಬಹುದು, ಅದು ಬೇಡ ಅನ್ನಲ್ಲ. ನಿಯಮ ನಾವೇ ನೋಡ್ಕೋಬೇಕು.”

ನಮ್ಮ ಜಗಲಿಯ ಸೀಮೆಸುಣ್ಣದ ಪಟವೂ ಹಾಗೇ ತಾನೆ, ಅದಕ್ಕೇನು ಗೊತ್ತು ಹುಲಿ ಯಾವುದು ಕುರಿ ಯಾವುದು ಎಂದು, ಎಂದುಕೊಂಡೆ.

ಜೂನ್‌ನಲ್ಲಿ ಅವನಿಗೆ ಬೇಸಿಗೆ ರಜೆ, ನಮಗೆ ಮಳೆ. ಆಟ ಶುರುವಾಯಿತು. ಅವನು ಜರ್ಮನಿ, ನಾನು ರಷ್ಯಾ. ಮೊದಲೆರಡು ಸರದಿಯಲ್ಲಿ ಅವನ ಟ್ಯಾಂಕುಗಳು ನನ್ನ ಸಾಲನ್ನು ಹರಿದು ಹಾಕಿದವು. ಮೂರು ಮತ್ತು ನಾಲ್ಕನೆಯ ಸರದಿ ಕೆಸರಿನ ಕಾಲ. ರಷ್ಯಾದಲ್ಲಿ ಶರತ್ಕಾಲದ ಮಳೆಗೆ ಮಣ್ಣಿನ ರಸ್ತೆಗಳೆಲ್ಲ ಕೆಸರಾಗಿ ಗಾಡಿ, ಟ್ಯಾಂಕು ಎಲ್ಲ ಹೂತುಹೋಗುತ್ತಿದ್ದವಂತೆ. ಆಟದಲ್ಲಿಯೂ ಆಗ ಪಡೆಗಳು ತೆವಳಬೇಕು. ಅವನು ಬರೆದ: “ಕೆಸರಲ್ಲಿ ಟ್ಯಾಂಕ್ ಯಾಕೆ ಹೋಗಲ್ಲ? ಟ್ಯಾಂಕ್ ಅಲ್ವಾ?” ನಾನು ನಮ್ಮ ಮನೆಯ ದಾರಿಯಲ್ಲಿ ಆ ವಾರ ಹೂತಿದ್ದ ಗೊಬ್ಬರದ ಟ್ರ್ಯಾಕ್ಟರಿನ ಕಥೆ ಬರೆದೆ. ನಾಲ್ಕು ಜನ, ಎರಡು ಹಲಗೆ, ಒಂದು ಗೋಣಿಚೀಲ, ಮೂರು ಗಂಟೆ ಹೊತ್ತು. ಅವನು ಮತ್ತೆ ಕೇಳಿದ. ನಾನು ಮತ್ತೆ ಬರೆದೆ. ಅವನ ಅಜ್ಜ ಚಿಕ್ಕವರಿದ್ದಾಗ ಶಾಲೆಗೆ ಕಂಬಳಿಕೊಪ್ಪೆ ಹಾಕಿಕೊಂಡು ಹೋಗುತ್ತಿದ್ದದ್ದು, ಹಳ್ಳ ತುಂಬಿದರೆ ಈ ದಡದಲ್ಲೇ ಕೂತು ಬುತ್ತಿ ತಿಂದು ವಾಪಸು ಬರುತ್ತಿದ್ದದ್ದು, ಎಲ್ಲ.

ಅವನು ಬರೆಯುತ್ತಿದ್ದದ್ದು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ. ನಾನು ಬರೆಯುತ್ತಿದ್ದದ್ದು ಕನ್ನಡ ಅಕ್ಷರದಲ್ಲೇ. “ನಿಧಾನ ಓದ್ತೀನಿ, ಆದ್ರೆ ಓದ್ತೀನಿ” ಎಂದಿದ್ದ. ಎರಡು ನಿಮಿಷದ ಹುಡುಗ ಈಗ ಫೈಲಿನ ಜೊತೆ ಅರ್ಧ ಪುಟ ಬರೆಯುತ್ತಿದ್ದ. ಬೆಳಿಗ್ಗೆ ಹಾಲು ಕಾಯಿಸಲು ಇಟ್ಟು ಮೊದಲು ಲ್ಯಾಪ್‌ಟಾಪ್ ತೆರೆಯುತ್ತಿದ್ದೆ. ಎರಡು ಸಲ ಹಾಲು ಉಕ್ಕಿತು.

ಇನ್ನು ನನ್ನ ತಪ್ಪಿಗೆ ಬರುತ್ತೇನೆ.

ಐದನೆಯ ಸರದಿ. ಮಾಸ್ಕೋದ ಎದುರಿಗೇ ಅವನ ಒಂದು ಟ್ಯಾಂಕ್ ಪಡೆ ಮುಂದೆ ಬಂದು ನಿಂತಿತ್ತು. ಅಕ್ಕಪಕ್ಕ ಅವನವರು ಕಡಿಮೆ. ನಾನು ಎರಡು ಸಂಜೆ ಕೂತು ಲೆಕ್ಕ ಹಾಕಿ, ಮೂರು ಪಡೆ ಸೇರಿಸಿ ಏಟು ಹಾಕಿದೆ. ದಾಳದ ಗುಂಡಿ ಒತ್ತಿದೆ. ಬಿದ್ದ ಅಂಕೆಗೆ ಕೋಷ್ಟಕ ನೋಡಿದೆ. ಏಟು ನನಗೇ. ಮೂರು ಪಡೆಗಳಿಗೂ ಪೆಟ್ಟು.

ರಾತ್ರಿ ಹತ್ತು ಗಂಟೆ. ಹೊರಗೆ ಧೋ ಎಂದು ಮಳೆ. ನಮ್ಮ ಮನೆಯವರು ಮಲಗಿದ್ದರು. ಫೈಲು ಇನ್ನೂ ಕಳಿಸಿರಲಿಲ್ಲ. ಆಟ ಮುಚ್ಚಿ, ಮೊಮ್ಮಗ ಕಳಿಸಿದ್ದ ಫೈಲನ್ನು ಮತ್ತೆ ಮೊದಲಿಂದ ತೆರೆದೆ. ಅದೇ ಬಿಲ್ಲೆಗಳನ್ನು ಅದೇ ಮನೆಗಳಿಗೆ ಇಟ್ಟೆ. ಮತ್ತೆ ದಾಳ ಒತ್ತಿದೆ. ಈ ಸಲ ಅವನ ಟ್ಯಾಂಕ್ ಪಡೆ ಹೋಯಿತು. ಆ ಎರಡನೆಯ ಫೈಲನ್ನು ಕಳಿಸಿ ಮಲಗಿದೆ. ಯಾರಿಗೂ ಗೊತ್ತಾಗುವ ಹಾಗೇ ಇಲ್ಲ. ಮೊದಲ ದಾಳ ಯಾವ ಫೈಲಿನಲ್ಲೂ ಇಲ್ಲ.

ಬೆಳಿಗ್ಗೆ ಅವನ ಉತ್ತರ ಬಂದಿತ್ತು. “ಅಮ್ಮಮ್ಮ, ಸೂಪರ್! ಎಂಥ ಏಟು! ನಾನು ಟ್ಯಾಂಕ್ ಅಷ್ಟು ಮುಂದೆ ತರಬಾರದಿತ್ತು. ನನ್ನದೇ ತಪ್ಪು.”

ಅವನದು ತಪ್ಪೇ ಅಲ್ಲ. ಆದರೂ ತನ್ನ ತಪ್ಪು ಎಂದು ಕಲಿಯುತ್ತಿದ್ದಾನೆ. ಅದನ್ನು ಓದಿದ ಮೇಲೆ ಕಾಫಿ ಗಂಟಲಲ್ಲಿ ಇಳಿಯಲಿಲ್ಲ. ಮೂವತ್ತು ವರ್ಷ ಶಾಲೆಯಲ್ಲಿ ಮಕ್ಕಳ ಉತ್ತರಪತ್ರಿಕೆ ತಿದ್ದಿದವಳು ನಾನು. ಪಕ್ಕದವನದು ನೋಡಿ ಬರೆದ ಹುಡುಗರನ್ನು ಎಬ್ಬಿಸಿ ನಿಲ್ಲಿಸಿದವಳು. ಮೂರು ದಿನ ನನ್ನನ್ನು ನಾನೇ ಸಮಾಧಾನ ಮಾಡಿಕೊಂಡೆ. ಆಟ ತಾನೆ, ಮಗು ತಾನೆ, ಮುಂದಿನ ಸರದಿಯಲ್ಲಿ ಸುಮ್ಮನೆ ಸೋತುಬಿಟ್ಟರಾಯಿತು ಎಂದೆಲ್ಲ. ಸುಮ್ಮನೆ ಸೋಲುವುದೂ ಇನ್ನೊಂದು ಮೋಸ ಎಂದು ನಾಲ್ಕನೆಯ ದಿನ ಹೊಳೆಯಿತು. ಕೂತು ಬರೆದೆ. ದಾಳ ಎರಡು ಸಲ ಹಾಕಿದೆ ಪುಟ್ಟ, ಮೊದಲನೆಯದು ನನ್ನ ವಿರುದ್ಧ ಬಿದ್ದಿತ್ತು, ನಿನ್ನ ಟ್ಯಾಂಕ್ ಹೋಗಬಾರದಿತ್ತು, ತಪ್ಪಾಯಿತು. ನೆಪ ಒಂದೂ ಬರೆಯಲಿಲ್ಲ. ಬರೆದಿದ್ದೆ, ಅಳಿಸಿದೆ.

ಉತ್ತರ ಬರಲಿಲ್ಲ.

ಒಂದು ದಿನ, ಎರಡು ದಿನ. ನೆಟ್‌ವರ್ಕ್ ಇಲ್ಲವೇನೋ ಎಂದು ಅಂಗಳದ ತುದಿಗೆ ಹೋಗಿ ನಿಂತು ನೋಡಿದೆ. ನೆಟ್‌ವರ್ಕ್ ಇತ್ತು. ಭಾನುವಾರ ಕರೆ ಬಂತು. “ಅವನು ಗೆಳೆಯನ ಮನೆಗೆ ಹೋಗಿದಾನೆ ಅಮ್ಮ” ಎಂದಳು ಮಗಳು. ನಾನು ಅವಳಿಗೆ ಏನೂ ಹೇಳಲಿಲ್ಲ. ನಮ್ಮ ಮನೆಯವರಿಗೆ ಹೇಳಿದೆ. ಅವರು ಪೇಪರ್ ಕೆಳಗಿಟ್ಟು, “ನೀನಾ?” ಎಂದರು. ಅಷ್ಟೇ ಹೇಳಿದ್ದು. ಸಾಕಾಯಿತು.

ಎಂಟು ದಿನ. ಎಡಿನ್‌ಬರೊದವರು ಒಂದೊಂದು ನಡೆಗೂ ಹೀಗೆ ಕಾದಿದ್ದರು ಎಂದು ಸಮಾಧಾನ ಮಾಡಿಕೊಳ್ಳೋಣವೆಂದರೆ, ಅವರು ಕಾದದ್ದು ನಡೆಗೆ. ನಾನು ಕಾದದ್ದು ಹುಡುಗನಿಗೆ.

ಒಂಬತ್ತನೆಯ ದಿನ ಬೆಳಿಗ್ಗೆ ಒಂದು ಸಾಲಿನ ಇಮೇಲ್: “ಫಸ್ಟ್ ಸಲ ಎಷ್ಟು ಬಿದ್ದಿತ್ತು?”

ಬರೆದು ಕಳಿಸಿದೆ. ಸಂಜೆ ಹೊತ್ತಿಗೆ ಫೈಲು ಬಂತು. ತೆರೆದು ಗುಂಡಿ ಒತ್ತಿದೆ. ಅವನ ಟ್ಯಾಂಕ್ ಪಡೆ ಮತ್ತೆ ತನ್ನ ಮನೆಗೆ ಬಂದು ನಿಂತಿತು. ನನ್ನ ಮೂರು ಬಿಲ್ಲೆ ಒಂದಾದ ಮೇಲೊಂದು ಮಗುಚಿಕೊಂಡವು. ಆಮೇಲೆ ಅವನ ಸರದಿ ಎಂದಿನಂತೆ ಮುಂದೆ ಹೋಯಿತು. ಕೆಳಗೆ ಉದ್ದದ ಪತ್ರ.

“ಅಮ್ಮಮ್ಮ, ನಂಗೆ ಕೋಪ ಬಂದಿತ್ತು. ಯಾಕಂದ್ರೆ ನಾನು ಅಪ್ಪನಿಗೆ ತೋರಿಸಿದ್ದೆ, ಅಮ್ಮಮ್ಮ ಎಷ್ಟು ಚೆನ್ನಾಗಿ ಆಡಿದ್ಲು ಅಂತ. ಈಗ ಕೋಪ ಹೋಯ್ತು. ಆದ್ರೆ ದಾಳ ಹಾಕೋದು ಬೇರೆ ಥರ ಮಾಡೋಣ. ಇಬ್ಬರಿಗೂ ಆಸೆ ಆಗದ ಹಾಗೆ.”

ಇಬ್ಬರಿಗೂ ಎಂದು ಬರೆದಿದ್ದ. ನಿನಗೆ ಎಂದು ಬರೆಯಲಿಲ್ಲ.

ಅವನು ಆ ಎಂಟು ದಿನದಲ್ಲಿ ಹುಡುಕಿ ಓದಿದ್ದನ್ನು ನಿಮಗೂ ಹೇಳುತ್ತೇನೆ, ಚೆನ್ನಾಗಿದೆ. ಅಮೆರಿಕದ ಬಾಲ್ಟಿಮೋರ್‌ನಲ್ಲಿ ಅವಲಾನ್ ಹಿಲ್ ಎಂಬ ಕಂಪನಿ ಇತ್ತು. ಅದನ್ನು ಕಟ್ಟಿದ ಚಾರ್ಲ್ಸ್ ರಾಬರ್ಟ್ಸ್ 1954ರಲ್ಲೇ ‘ಟ್ಯಾಕ್ಟಿಕ್ಸ್’ ಎಂಬ ಯುದ್ಧದಾಟ ಹೊರತಂದಿದ್ದರು. 1960ರ ದಶಕದಲ್ಲಿ ಆ ಕಂಪನಿಯ ಆಟಗಳನ್ನು ಜನ ಅಂಚೆಯಲ್ಲಿ ಆಡತೊಡಗಿದರು. ನೂರಾರು ಮೈಲಿ ದೂರದಲ್ಲಿ ಒಬ್ಬ ಒಂಟಿಯಾಗಿ ಕೂತು ದಾಳ ಹಾಕಿ, ಆರು ಬಿತ್ತು ಎಂದು ಬರೆದರೆ ನಂಬುವುದು ಹೇಗೆ? ಅದಕ್ಕೆ ಅವರು ಷೇರುಪೇಟೆಯನ್ನು ದಾಳ ಮಾಡಿಕೊಂಡರು! ಇಂಥ ದಿನಾಂಕದಂದು ಇಂಥ ಕಂಪನಿಯ ಷೇರು ಎಷ್ಟು ಮಾರಾಟವಾಗುತ್ತದೋ ಆ ಸಂಖ್ಯೆಯ ಕೊನೆಯ ಅಂಕೆಯೇ ನನ್ನ ದಾಳ ಎಂದು ಮೊದಲೇ ಬರೆದು ಅಂಚೆಗೆ ಹಾಕಬೇಕು. ಆ ದಿನ ಬಂದ ಮೇಲೆ ಇಬ್ಬರೂ ತಮ್ಮ ತಮ್ಮ ಊರಿನ ಪೇಪರ್ ತೆರೆದು ನೋಡಿಕೊಳ್ಳಬೇಕು. ಪತ್ರ ಯಾವತ್ತು ಹೊರಟಿತು ಎಂಬುದಕ್ಕೆ ಅಂಚೆಯ ಮುದ್ರೆ ಸಾಕ್ಷಿ. ಆ ಕೊನೆಯ ಅಂಕೆಯನ್ನು ತಿದ್ದುವುದು ಯಾರ ಕೈಯಲ್ಲೂ ಇಲ್ಲ. ಇಮೇಲ್ ಕಾಲ ಬಂದ ಮೇಲೆ ದಾಳ ಹಾಕಿ ಇಬ್ಬರಿಗೂ ಒಟ್ಟಿಗೆ ಫಲ ಕಳಿಸುವ ಕಂಪ್ಯೂಟರುಗಳೂ ಬಂದವು.

“ನಮಗೆ ಷೇರು ಬೇಡ,” ಎಂದು ಬರೆದಿದ್ದ ನನ್ನ ಮೊಮ್ಮಗ. “ಅಜ್ಜ ದಿನಾ ಓದ್ತಾರಲ್ಲ, ಡ್ಯಾಮ್ ಲಿಸ್ಟ್. ಅದನ್ನೇ ಇಟ್ಕೊಳ್ಳೋಣ.”

ಹಾಗೇ ಮಾಡಿದೆವು. ರಾತ್ರಿ ಮಲಗುವ ಮೊದಲು ಯಾವ ಪಡೆ ಯಾರ ಮೇಲೆ ಏಟು ಹಾಕುತ್ತದೆ ಎಂದು ಬರೆದು ಕಳಿಸುವುದು. ಮರುದಿನದ ಪೇಪರಿನಲ್ಲಿ ಮೊದಲ ಹೊಡೆದಾಟಕ್ಕೆ ಲಿಂಗನಮಕ್ಕಿಯ ಮಟ್ಟದ ಕೊನೆಯ ಅಂಕೆ. ಎರಡನೆಯದಕ್ಕೆ ಭದ್ರಾ. ಆಮೇಲೆ ತುಂಗಭದ್ರಾ, ಕೆಆರ್‌ಎಸ್, ಆಲಮಟ್ಟಿ. 1ರಿಂದ 6ರವರೆಗೆ ಬಂದರೆ ಅದೇ ದಾಳ. 0, 7, 8, 9 ಬಂದರೆ ಪಟ್ಟಿಯಲ್ಲಿ ಮುಂದಿನ ಜಲಾಶಯಕ್ಕೆ ಹೋಗುವುದು. ಪಟ್ಟಿ ಮುಗಿದುಹೋದರೆ ನಾಳೆಯ ಪೇಪರಿಗೆ ಕಾಯುವುದು. ಮಳೆಗಾಲವಾದ್ದರಿಂದ ಮಟ್ಟ ದಿನಾ ಏರುತ್ತಿತ್ತು, ಅಂಕೆ ದಿನಾ ಬದಲಾಗುತ್ತಿತ್ತು. ಅಮೆರಿಕದಲ್ಲಿ ಹುಟ್ಟಿದ ಹುಡುಗನಿಗೆ ಆಲಮಟ್ಟಿ ಇರುವುದು ಕೃಷ್ಣಾ ನದಿಗೆ, ಕೆಆರ್‌ಎಸ್ ಇರುವುದು ಕಾವೇರಿಗೆ, ಲಿಂಗನಮಕ್ಕಿ ಶರಾವತಿಗೆ ಎಂದು ಬಾಯಿಪಾಠವಾಯಿತು. ನಮ್ಮ ಮನೆಯವರ ಗತ್ತು ಕೇಳಬೇಡಿ. ಅರವತ್ತು ವರ್ಷದಿಂದ ಯಾರೂ ಕಿವಿಗೊಡದ ಪಟ್ಟಿಗೆ ಈಗ ಮನೆಯಲ್ಲಿ ಒಬ್ಬಳು, ಸಮುದ್ರದಾಚೆ ಒಬ್ಬ ಕಾಯುತ್ತಿದ್ದರು.

ಮೊದಲ ದಿನ ಪೇಪರಿನ ಪಟ್ಟಿಯ ಫೋಟೊ ತೆಗೆದು ಕಳಿಸಿದೆ. ಇನ್ನು ಸಂಶಯಕ್ಕೆ ಜಾಗವೇ ಇರಬಾರದು ಎಂದು. ಅವನ ಉತ್ತರ ಹೀಗಿತ್ತು:

“ಫೋಟೊ ಬೇಡ ಅಮ್ಮಮ್ಮ. ನೀನು ಹೇಳಿದ್ರೆ ಸಾಕು.”

ಅದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಹಾಲು ಮತ್ತೆ ಉಕ್ಕಿತು.

ಏಳನೆಯ ಸರದಿಯಲ್ಲಿ ಅವನು ಮಾಸ್ಕೋ ಮೇಲೇ ಏಟು ಹಾಕುತ್ತೇನೆಂದು ಬರೆದು ಕಳಿಸಿದ. ಆ ಬೆಳಿಗ್ಗೆ ಮಳೆಗೆ ಪೇಪರ್ ಹುಡುಗ ಎಂಟೂವರೆಗೆ ಬಂದ. ಪೇಪರ್ ಒದ್ದೆಯಾಗಿತ್ತು. ನಮ್ಮ ಮನೆಯವರು ಪುಟವನ್ನು ಒಲೆಯ ಹತ್ತಿರ ಹಿಡಿದು ಒಣಗಿಸಿ ಓದಿದರು. ಲಿಂಗನಮಕ್ಕಿ ಅವನ ಕಡೆಗಿತ್ತು. ಮಾಸ್ಕೋ ಹೋಯಿತು. ನನ್ನ ಕೊನೆಯ ಸರದಿಯಲ್ಲಿ ವಾಪಸು ಪಡೆಯಲು ನೋಡಿದೆ, ಭದ್ರಾ ಕೈಕೊಟ್ಟಿತು. ಸೋತೆ. ಎಷ್ಟು ಬಿತ್ತೋ ಅಷ್ಟನ್ನೇ ಬರೆದು ಕಳಿಸಿದೆ.

ಅವನು ಬರೆದ: “ನಿಜವಾದ ಕಥೆಯಲ್ಲಿ ನೀನೇ ಗೆದ್ದಿದ್ದು ಅಮ್ಮಮ್ಮ. ಡಿಸೆಂಬರ್ 5ರಿಂದ ರಷ್ಯಾದವರು ತಿರುಗಿ ಹೊಡೆದ್ರು. ಜರ್ಮನಿಗೆ ಮಾಸ್ಕೋ ಸಿಗಲೇ ಇಲ್ಲ.” ಅದರ ಕೆಳಗೆ ಇನ್ನೊಂದು ಸಾಲು: “ಒಂದೊಂದು ಬಿಲ್ಲೆಯಲ್ಲಿ ಎಷ್ಟು ಸಾವಿರ ಜನ ಇದ್ರು ಅಂತ ನೋಡಿದೆ. ಆಮೇಲೆ ಬಿಲ್ಲೆ ತೆಗೆದು ಪಕ್ಕಕ್ಕೆ ಇಡೋವಾಗ ಒಂಥರಾ ಆಗತ್ತೆ.” ವೆಲ್ಸ್ ಅವರ ಪುಸ್ತಕ ಒಬ್ಬನಿಗಾದರೂ ತಲುಪಿತು ಎಂದುಕೊಂಡೆ.

ಈಗ ಎರಡನೆಯ ಆಟ ನಡೆಯುತ್ತಿದೆ. ಈ ಸಲ ರಷ್ಯಾ ಅವನದು.

ಈ ವಾರದ ಕೆಲಸ: ನಿಮಗೆ ಲ್ಯಾಪ್‌ಟಾಪೂ ಬೇಡ, ಮಾಸ್ಕೋವೂ ಬೇಡ. ಹುಲಿ-ಕುರಿ ಪಟ ಬರೆಯಲು ಅಜ್ಜ ಅಜ್ಜಿಯಿಂದ ಕಲಿಯಿರಿ. 3 ಹುಲಿ, 15 ಕುರಿಯ ಪಟಕ್ಕೆ 23 ಮನೆ. ಮನೆಗಳಿಗೆ 1ರಿಂದ 23ರವರೆಗೆ ನಂಬರ್ ಹಾಕಿ. ಅದೇ ನಂಬರಿನ ಇನ್ನೊಂದು ಪಟವನ್ನು ದೂರದ ಊರಿನಲ್ಲಿರುವ ಅಜ್ಜಿಗೋ, ಮಾವನ ಮಗನಿಗೋ, ಶಾಲೆ ಬಿಟ್ಟುಹೋದ ಗೆಳತಿಗೋ ಕಳಿಸಿ. ಹುಲಿ 9ರಿಂದ 14ಕ್ಕೆ ಎಂದು ಒಂದೇ ಸಾಲು ಬರೆದರೆ ಒಂದು ನಡೆ ಮುಗಿಯಿತು. ಕಾರ್ಡಿನಲ್ಲೂ ಆದೀತು, ಇಮೇಲಿನಲ್ಲೂ ಆದೀತು, ಅಪ್ಪನ ಫೋನಿನಲ್ಲೂ ಆದೀತು. ಈ ಆಟಕ್ಕೆ ದಾಳ ಇಲ್ಲ, ಹಾಗಾಗಿ ನನಗಾದ ಆಸೆ ನಿಮಗೆ ಆಗುವುದಿಲ್ಲ. ಕಾರ್ಡಿನಲ್ಲಿ ಆ ಒಂದು ಸಾಲು ಬರೆದ ಮೇಲೆ ಜಾಗ ತುಂಬ ಉಳಿಯುತ್ತದೆ. ಅದನ್ನು ಖಾಲಿ ಬಿಡಬೇಡಿ.